‘ಕೋರ್ ಕಮಾಂಡರ್’ ಅಂದರೆ ಯಾರು? ಲೇಹ್‌ನ 14ನೇ ಕೋರ್ ಇಟ್ಟುಕೊಂಡು ಸೇನೆಯ ರಚನೆ ತಿಳಿಯೋಣ

2020ರ ಜೂನ್‌ನಲ್ಲಿ ಲಡಾಖ್‌ನ ಗಲ್ವಾನ್ ಕಣಿವೆಯಲ್ಲಿ ಚೀನಾದವರ ಜೊತೆಗಿನ ಘರ್ಷಣೆಯಲ್ಲಿ ನಮ್ಮ 20 ಸೈನಿಕರು ಹುತಾತ್ಮರಾದಾಗ ಟಿ.ವಿ.ಯಲ್ಲಿ ಒಂದು ಮಾತು ಮೇಲಿಂದ ಮೇಲೆ ಬರುತ್ತಿತ್ತು. ‘ಕೋರ್ ಕಮಾಂಡರ್ ಮಟ್ಟದ ಮಾತುಕತೆ.’ ಮೊದಲ ಸುತ್ತು, ಎರಡನೇ ಸುತ್ತು ಅಂತ ಶುರುವಾಗಿ 21ನೇ ಸುತ್ತನ್ನೂ ದಾಟಿ ಹೋಯಿತು. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದಾಗ ಮತ್ತೆ ಅದೇ ಶಬ್ದ. ಚಿನಾರ್ ಕೋರ್, ವೈಟ್ ನೈಟ್ ಕೋರ್, 15ನೇ ಕೋರ್, 16ನೇ ಕೋರ್. ಹುಬ್ಬಳ್ಳಿಯ ಚಹಾ ಅಂಗಡಿಯಲ್ಲಿ ಟಿ.ವಿ. ನೋಡುತ್ತಾ ನಿಂತವರು ‘ಈ ಕೋರ್ ಅಂದ್ರ ಏನ್ರೀ?’ ಅಂತ ಕೇಳಿದರೆ ಸರಿಯಾಗಿ ಹೇಳುವವರು ಸಿಗುವುದು ಕಷ್ಟ.

ನಮ್ಮ ಧಾರವಾಡ, ಗದಗ, ಹಾವೇರಿ ಕಡೆ ಹುಡುಗರನ್ನು ಮಿಲ್ಟ್ರಿಗೆ ಕಳಿಸಿದ ಮನೆಗಳು ಬಹಳ ಇವೆ. ಮಗ ಯಾವ ರೆಜಿಮೆಂಟ್ ಅಂತ ತಾಯಿಗೆ ಗೊತ್ತಿರುತ್ತದೆ. ಅವನ ಊಟ ಎಲ್ಲಿಂದ ಬರುತ್ತದೆ, ಜ್ವರ ಬಂದರೆ ಯಾರು ನೋಡುತ್ತಾರೆ, ಹಿಮ ಬಿದ್ದು ದಾರಿ ಮುಚ್ಚಿದರೆ ಯಾರು ಹೊಣೆ, ಇದು ಗೊತ್ತಿರುವುದಿಲ್ಲ. ಈ ಪ್ರಶ್ನೆಗಳಿಗೆಲ್ಲ ಉತ್ತರ ಒಂದೇ ಕಡೆ ಸೇರುವ ಜಾಗವೇ ಕೋರ್. ಅದನ್ನು ಬುಡದಿಂದ ನೋಡೋಣ.

ಕೆಳಗಿನಿಂದ ಮೇಲಕ್ಕೆ

2016ರಲ್ಲಿ ಸಿಯಾಚಿನ್ ಹಿಮನದಿಯಲ್ಲಿ ಹಿಮಕುಸಿತಕ್ಕೆ ಸಿಕ್ಕಿದ್ದ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನಮ್ಮ ಕಡೆ ಯಾರೂ ಮರೆತಿಲ್ಲ. ಅವರು ಇದ್ದದ್ದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್‌ನಲ್ಲಿ. ಅವರಿಂದಲೇ ಮೆಟ್ಟಿಲು ಹತ್ತೋಣ.

ಸೈನಿಕನೊಬ್ಬ ಮೊದಲು ಸೇರುವುದು ಒಂದು ಸೆಕ್ಷನ್‌ಗೆ. ಅದರಲ್ಲಿ ಸುಮಾರು 10 ಜನ, ಹವಾಲ್ದಾರ್ ಅದರ ಮುಖ್ಯಸ್ಥ. ಮೂರು ಸೆಕ್ಷನ್ ಸೇರಿದರೆ ಒಂದು ಪ್ಲಟೂನ್, ಅದನ್ನು ಸಾಮಾನ್ಯವಾಗಿ ನಾಯಬ್ ಸುಬೇದಾರ್ ಅಥವಾ ಸುಬೇದಾರ್ ಸಾಹೇಬರು ನಡೆಸುತ್ತಾರೆ. ಮೂರು ಪ್ಲಟೂನ್‌ಗೆ ಒಂದು ಕಂಪನಿ, ಅಂದರೆ ಸುಮಾರು 120 ಜನ, ಮೇಲೆ ಒಬ್ಬ ಮೇಜರ್. ಇಂಥ ನಾಲ್ಕು ಕಂಪನಿ, ಜೊತೆಗೆ ಮಾರ್ಟರ್, ಸಿಗ್ನಲ್, ಅಡುಗೆ, ವಾಹನ ಎಲ್ಲ ನೋಡಿಕೊಳ್ಳುವ ಮಂದಿ ಸೇರಿದರೆ ಬೆಟಾಲಿಯನ್. 800ರಷ್ಟು ಜನ, ಕರ್ನಲ್ ಅದರ ಹಿರಿಯ. ಸೈನಿಕರು ಪ್ರೀತಿಯಿಂದ ‘ಪಲ್ಟನ್’ ಅನ್ನುವುದು ಇದಕ್ಕೇ. ನಿವೃತ್ತರಾಗಿ ಊರಿಗೆ ಬಂದವರನ್ನು ಕೇಳಿ ನೋಡಿ, ಇಪ್ಪತ್ತು ವರ್ಷ ಆದರೂ ‘ನಮ್ಮ ಪಲ್ಟನ್’ ಅಂತಲೇ ಮಾತು ಶುರು ಮಾಡುತ್ತಾರೆ.

ಇಲ್ಲಿಯವರೆಗೆ ಎಲ್ಲರೂ ಒಂದೇ ಕಸುಬಿನವರು. ಮೂರು ಬೆಟಾಲಿಯನ್‌ಗೆ ಒಂದು ಬ್ರಿಗೇಡ್, ಬ್ರಿಗೇಡಿಯರ್ ಕೈಕೆಳಗೆ. ಮೂರು ಬ್ರಿಗೇಡ್ ಮತ್ತು ಅವುಗಳ ತೋಪು, ಎಂಜಿನಿಯರ್, ಆಸ್ಪತ್ರೆ ಸೇರಿದರೆ ಒಂದು ಡಿವಿಷನ್. 15 ಸಾವಿರದ ಮೇಲೆ ಜನ, ಮೇಜರ್ ಜನರಲ್ ಮುಖ್ಯಸ್ಥ. ಎರಡು, ಮೂರು, ಕೆಲವು ಸಲ ನಾಲ್ಕು ಡಿವಿಷನ್ ಸೇರಿದರೆ ಒಂದು ಕೋರ್. ಅದರ ಮೇಲೆ ಲೆಫ್ಟಿನೆಂಟ್ ಜನರಲ್ ಇರುತ್ತಾರೆ. ಟಿ.ವಿ.ಯವರು ‘ಕೋರ್ ಕಮಾಂಡರ್’ ಅನ್ನುವುದು ಇವರನ್ನೇ. ಒಂದೊಂದು ಕೋರ್‌ನಲ್ಲಿ ಇಷ್ಟೇ ಜನ ಅಂತ ಕಟ್ಟಾದ ಲೆಕ್ಕ ಇಲ್ಲ, ಜಾಗ ನೋಡಿ ಹೆಚ್ಚು ಕಡಿಮೆ ಆಗುತ್ತದೆ. 40ರಿಂದ 60 ಸಾವಿರ ಅಂತ ಇಟ್ಟುಕೊಂಡರೆ ದೊಡ್ಡ ತಪ್ಪೇನಿಲ್ಲ.

ಕೋರ್‌ಗಳ ಮೇಲೆ ಕಮಾಂಡ್. ನಮ್ಮ ದೇಶದಲ್ಲಿ ಆರು ಪ್ರಾದೇಶಿಕ ಕಮಾಂಡ್‌ಗಳಿವೆ, ತರಬೇತಿಗೆ ಅಂತ ಏಳನೆಯದು ಶಿಮ್ಲಾದಲ್ಲಿದೆ. ಕರ್ನಾಟಕ ಬರುವುದು ಪುಣೆಯ ಸದರ್ನ್ ಕಮಾಂಡ್ ಕೆಳಗೆ. ಕಮಾಂಡ್‌ನ ಮುಖ್ಯಸ್ಥರೂ ಲೆಫ್ಟಿನೆಂಟ್ ಜನರಲ್ಲೇ, ಅದಕ್ಕೇ ಜನರಿಗೆ ಗೊಂದಲ. ರ‍್ಯಾಂಕ್ ಹೆಸರು ಒಂದೇ ಆದರೂ ಹುದ್ದೆ ಬೇರೆ, ಹೊಣೆ ಬೇರೆ. ಕಮಾಂಡ್ ನಡೆಸುವವರನ್ನು ಸೇನೆಯಲ್ಲಿ ‘ಆರ್ಮಿ ಕಮಾಂಡರ್’ ಅನ್ನುತ್ತಾರೆ.

ಹನುಮಂತಪ್ಪ ಅವರ ಪಲ್ಟನ್ ಸಿಯಾಚಿನ್‌ನಲ್ಲಿದ್ದಾಗ ಇದ್ದ ಸಾಲು ಹೀಗೆ: 19 ಮದ್ರಾಸ್, ಅದರ ಮೇಲೆ ನುಬ್ರಾ ಕಣಿವೆಯ ಪರ್ತಾಪುರದಲ್ಲಿರುವ 102ನೇ ಬ್ರಿಗೇಡ್, ಅದರ ಮೇಲೆ ಲೇಹ್‌ನ 14ನೇ ಕೋರ್, ಅದರ ಮೇಲೆ ಉಧಂಪುರದ ನಾರ್ದರ್ನ್ ಕಮಾಂಡ್. 102ನೇ ಬ್ರಿಗೇಡ್ ಸ್ವತಂತ್ರ ಬ್ರಿಗೇಡ್. ಅಂದರೆ ನಡುವೆ ಡಿವಿಷನ್ ಇಲ್ಲ, ನೇರ ಕೋರ್ ಜೊತೆಗೇ ಅದರ ವ್ಯವಹಾರ.

ಎರಡು ಥರದ ಕೋರ್

‘ನಮ್ಮ ಹುಡುಗ ಸಿಗ್ನಲ್ ಕೋರ್‌ನ್ಯಾಗ ಅದಾನ್ರೀ’ ಅನ್ನುವವರಿದ್ದಾರೆ. ಅದೂ ಸರಿ. ಆದರೆ ಆ ಕೋರ್ ಬೇರೆ, ಈ ಕೋರ್ ಬೇರೆ. ಇದು ಬಿಡಿಸದೆ ಮುಂದೆ ಹೋದರೆ ತಲೆ ಕೆಡುತ್ತದೆ.

ಹುಬ್ಬಳ್ಳಿಯವರಿಗೆ ರೈಲ್ವೆ ಗೊತ್ತು, ನೈರುತ್ಯ ರೈಲ್ವೆ ವಲಯದ ಮುಖ್ಯ ಕಚೇರಿ ಇರುವುದೇ ನಮ್ಮೂರಲ್ಲಿ. ರೈಲ್ವೆಯಲ್ಲಿ ಸಿಗ್ನಲ್, ಎಂಜಿನಿಯರಿಂಗ್, ಮೆಕ್ಯಾನಿಕಲ್ ಅಂತ ಇಲಾಖೆಗಳಿವೆ. ಹಾಗೆಯೇ ಹುಬ್ಬಳ್ಳಿ, ಮೈಸೂರು, ಬೆಂಗಳೂರು ಅಂತ ವಿಭಾಗಗಳೂ ಇವೆ. ಗದಗ ಸ್ಟೇಷನ್ನಿನಲ್ಲಿ ಕೆಲಸ ಮಾಡುವ ಸಿಗ್ನಲ್ ನೌಕರ ಕಸುಬಿನಿಂದ ಸಿಗ್ನಲ್ ಇಲಾಖೆಯವನು. ಅವನ ನೇಮಕ, ತರಬೇತಿ, ಬಡ್ತಿ ಆ ದಾರಿಯಲ್ಲಿ ನಡೆಯುತ್ತದೆ. ಆದರೆ ದಿನನಿತ್ಯ ಅವನು ದುಡಿಯುವುದು ಹುಬ್ಬಳ್ಳಿ ವಿಭಾಗಕ್ಕೆ, ಅಲ್ಲಿ ವಿಭಾಗದ ಮುಖ್ಯಸ್ಥರಾದ ಡಿಆರ್‌ಎಂ ಮಾತೇ ಅಂತಿಮ. ಅದೇ ಲೆಕ್ಕ ಸೇನೆಯಲ್ಲೂ. ಸಿಗ್ನಲ್ ಕೋರ್, ಎಂಜಿನಿಯರ್ ಕೋರ್, ಪಡಿತರ ಸಾಗಿಸುವ ಆರ್ಮಿ ಸರ್ವಿಸ್ ಕೋರ್ (ಎಎಸ್‌ಸಿ), ಮೆಡಿಕಲ್ ಕೋರ್, ಯಂತ್ರ ರಿಪೇರಿ ಮಾಡುವ ಇಎಂಇ ಇವೆಲ್ಲ ಕಸುಬಿನ ಕೋರ್‌ಗಳು. ಒಂದೊಂದು ಕಸುಬಿನವರು ದೇಶದ ಎಲ್ಲ ಮೂಲೆಯಲ್ಲೂ ಇರುತ್ತಾರೆ. 14ನೇ ಕೋರ್, 15ನೇ ಕೋರ್ ಅಂತ ಸಂಖ್ಯೆ ಇರುವವು ಯುದ್ಧ ಮಾಡುವ ಕೋರ್‌ಗಳು. ಇವಕ್ಕೆ ಒಂದು ನೆಲ ಇದೆ, ಒಂದು ಗಡಿ ಇದೆ, ಒಂದು ಕೆಲಸ ಇದೆ.

ಹಾಗಾಗಿ ಹಾವೇರಿಯ ಹುಡುಗನೊಬ್ಬ ಎಎಸ್‌ಸಿಯಲ್ಲಿ ಟ್ರಕ್ ಚಾಲಕನಾಗಿದ್ದು ಈಗ ಲೇಹ್‌ನಲ್ಲಿದ್ದರೆ, ಅವನು ಕಸುಬಿನಿಂದ ಸರ್ವಿಸ್ ಕೋರ್, ಕೆಲಸದಿಂದ 14ನೇ ಕೋರ್. ಎರಡೂ ನಿಜ.

ಯುದ್ಧ ಮಾಡುವ ಕೋರ್‌ಗಳು ಈಗ 14 ಇವೆ. ಲೇಹ್‌ನದು 14ನೇ ಕೋರ್ ಆಗಿದ್ದು ಕಾಕತಾಳೀಯ, ಅದಕ್ಕೂ ಈ ಎಣಿಕೆಗೂ ಸಂಬಂಧ ಇಲ್ಲ. 5, 6, 7, 8 ಸಂಖ್ಯೆಯ ಕೋರ್ ನಮ್ಮಲ್ಲಿ ಇಲ್ಲವೇ ಇಲ್ಲ. ಆದರೆ ಸಿಲಿಗುಡಿ ಹತ್ತಿರದ ಸುಕ್ನಾದಲ್ಲಿ 33ನೇ ಕೋರ್ ಇದೆ! ಯಾಕೆ ಹೀಗೆ ಅನ್ನುವುದು ಇತಿಹಾಸಕ್ಕೆ ಹೋದರೆ ತಿಳಿಯುತ್ತದೆ.

ಒಂದೇ ದಾರಿಯಲ್ಲಿ ಎಲ್ಲರೂ ನಡೆಯಲಾಗದು

ಈ ರಚನೆ ಬಳಕೆಗೆ ಬಂದದ್ದು ಫ್ರಾನ್ಸಿನಲ್ಲಿ, ನೆಪೋಲಿಯನ್ ಕಾಲದಲ್ಲಿ. 1805ರ ಹೊತ್ತಿಗೆ ಅವನ ಇಡೀ ಸೈನ್ಯ ಕೋರ್‌ಗಳಾಗಿ ಹಂಚಿಕೆಯಾಗಿತ್ತು. ಕಾರಣ ತೀರಾ ಸರಳ: ದಾರಿ ಮತ್ತು ಊಟ. ಒಂದೂವರೆ ಲಕ್ಷ ಜನ, ಕುದುರೆ, ತೋಪು, ಗಾಡಿ ಎಲ್ಲವನ್ನೂ ಒಂದೇ ರಸ್ತೆಯಲ್ಲಿ ನಡೆಸಿದರೆ ಮುಂದಿನವನು ಸಂಜೆ ಬಿಡಾರ ಹೂಡಿದರೂ ಹಿಂದಿನವನು ಇನ್ನೂ ಹೊರಟಿರುವುದಿಲ್ಲ. ಮುಂದೆ ಹೋದವರು ದಾರಿಯ ಹಳ್ಳಿಗಳ ಕಾಳುಕಡಿ, ಮೇವು ಎಲ್ಲ ಖಾಲಿ ಮಾಡಿದ್ದರೆ ಹಿಂದಿನವರಿಗೆ ಉಪವಾಸ.

ಹಾಗಾಗಿ ಸೈನ್ಯವನ್ನು 20, 25 ಸಾವಿರದ ತುಂಡುಗಳಾಗಿ ಮಾಡಿ ಬೇರೆ ಬೇರೆ ದಾರಿ ಹಿಡಿಸಿದರು. ಒಂದೊಂದು ತುಂಡಿನಲ್ಲೂ ಕಾಲಾಳು, ಕುದುರೆ ಸವಾರರು, ತೋಪು ಮೂರೂ ಇದ್ದವು. ಒಂದು ತುಂಡಿಗೆ ಶತ್ರು ಸಿಕ್ಕರೆ ಅದು ಒಂದು ದಿನವಾದರೂ ಒಂಟಿಯಾಗಿ ತಡೆದು ನಿಲ್ಲಬೇಕು, ಅಷ್ಟರಲ್ಲಿ ಪಕ್ಕದ ದಾರಿಯವರು ಬಂದು ಸೇರಬೇಕು. ಇಷ್ಟೇ ಲೆಕ್ಕ. ಇವತ್ತಿನ ಕೋರ್‌ಗೂ ಇದೇ ಅಡಿಪಾಯ. ಬೇಕಾದ್ದೆಲ್ಲ ತನ್ನ ಬಳಿಯೇ ಇರಬೇಕು, ಒಂದು ಇಡೀ ಪ್ರದೇಶದ ಯುದ್ಧವನ್ನು ತಾನೇ ನಡೆಸಬೇಕು.

ನಮ್ಮ ದೇಶದ ಸೈನಿಕರು ಕೋರ್ ಆಗಿ ಹೊರದೇಶಕ್ಕೆ ಹೋದದ್ದು ಮೊದಲ ಮಹಾಯುದ್ಧದಲ್ಲಿ. 1914ರಲ್ಲಿ ಲಾಹೋರ್ ಮತ್ತು ಮೀರತ್ ಡಿವಿಷನ್ ಸೇರಿಸಿ ಮಾಡಿದ ಇಂಡಿಯನ್ ಕೋರ್ ಫ್ರಾನ್ಸಿಗೆ ಹೋಯಿತು. ಎರಡನೇ ಮಹಾಯುದ್ಧದಲ್ಲಿ ಜಪಾನಿಯರು ಬರ್ಮಾ ದಾಟಿ ಬಂದಾಗ, 1944ರಲ್ಲಿ, ಇಂಫಾಲದಲ್ಲಿ ತಡೆದದ್ದು 4ನೇ ಕೋರ್, ಕೊಹಿಮಾದಲ್ಲಿ 33ನೇ ಕೋರ್, ಅರಾಕಾನ್‌ನಲ್ಲಿ 15ನೇ ಕೋರ್. ಸ್ವಾತಂತ್ರ್ಯದ ನಂತರ ಹೊಸ ಕೋರ್ ಕಟ್ಟುವಾಗ ಈ ಹಳೇ ಸಂಖ್ಯೆಗಳಿಗೇ ಮತ್ತೆ ಜೀವ ಕೊಟ್ಟರು. ಅದಕ್ಕೇ ಎಣಿಕೆ ಸಾಲಾಗಿ ಇಲ್ಲ. ಬರೆಯುವಾಗ ರೋಮನ್ ಅಂಕಿ ಹಾಕುವ ರೂಢಿಯೂ ಅಲ್ಲಿಂದಲೇ ಬಂದದ್ದು.

ಒಂದೇ ಸಂಖ್ಯೆ, ಎರಡು ಯುದ್ಧ

ಕೋರ್ ಅಂದರೆ ಬರೀ ಒಬ್ಬ ಜನರಲ್ ಮತ್ತು ಒಂದು ಕಚೇರಿ ಅಂದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ 1962 ಸಾಕ್ಷಿ. ಈಗಿನ ಅರುಣಾಚಲ ಪ್ರದೇಶದ ಗಡಿಗಾಗಿ 4ನೇ ಕೋರ್ ಸ್ಥಾಪಿಸಿದ್ದು ಆ ವರ್ಷದ ಅಕ್ಟೋಬರ್ 4ರಂದು. ಚೀನಾ ದಾಳಿ ಮಾಡಿದ್ದು ಅಕ್ಟೋಬರ್ 20ಕ್ಕೆ. ನಡುವೆ ಎರಡು ವಾರ ಚಿಲ್ಲರೆ ದಿನ. ಅಷ್ಟರಲ್ಲಿ ಸಿಬ್ಬಂದಿ ಕೂಡಿಸುವುದು, ತಂತಿ ಎಳೆಯುವುದು, ದಾಸ್ತಾನು ತುಂಬುವುದು, ಬೆಟ್ಟಕ್ಕೆ ರಸ್ತೆ ಮಾಡುವುದು ಯಾರಿಂದಲೂ ಆಗದ ಕೆಲಸ. ಹತ್ತಿಬಟ್ಟೆ ಉಟ್ಟು ಹಿಮದಲ್ಲಿ ನಿಂತ ಸೈನಿಕರು ಅದರ ಬೆಲೆ ತೆತ್ತರು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಒಂಬತ್ತು ವರ್ಷದ ನಂತರ ಅದೇ 4ನೇ ಕೋರ್ ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್ ಅವರ ಕೈಯಲ್ಲಿ ತ್ರಿಪುರಾ ಕಡೆಯಿಂದ ಈಗಿನ ಬಾಂಗ್ಲಾದೇಶಕ್ಕೆ ನುಗ್ಗಿತು. ಪಶ್ಚಿಮದಿಂದ 2ನೇ ಕೋರ್, ವಾಯವ್ಯದಿಂದ 33ನೇ ಕೋರ್, ಉತ್ತರದ ಮೇಘಾಲಯದಿಂದ ಇನ್ನೊಂದು ಪಡೆ. ಮೇಘನಾ ನದಿಯ ಮುಖ್ಯ ಸೇತುವೆಯನ್ನು ಪಾಕಿಸ್ತಾನಿಯರು ಉರುಳಿಸಿದ್ದರು. ಸಗತ್ ಸಿಂಗ್ ಹೆಲಿಕಾಪ್ಟರ್‌ಗಳಲ್ಲಿ ತಂಡ ತಂಡವಾಗಿ ಸೈನಿಕರನ್ನು ನದಿ ದಾಟಿಸಿಬಿಟ್ಟರು. 1971ರ ಡಿಸೆಂಬರ್ 16ರಂದು ಢಾಕಾ ಶರಣಾಯಿತು. ನಾಲ್ಕು ದಿಕ್ಕಿನಿಂದ ಬೇರೆ ಬೇರೆ ದಾರಿ ಹಿಡಿದು ಒಂದೇ ಊರಿಗೆ ಮುಟ್ಟುವುದು, ಇದು ನೆಪೋಲಿಯನ್ನನ ಅದೇ ಹಳೇ ಲೆಕ್ಕ.

ಲಡಾಖ್‌ಗೆ ಬೇರೆ ಕೋರ್ ಯಾಕೆ ಬೇಕಾಯಿತು

ಲಡಾಖ್ ಕೈಬಿಟ್ಟು ಹೋಗದಂತೆ ಉಳಿಸಿದವರಲ್ಲಿ ನಮ್ಮ ಕನ್ನಡ ನಾಡಿನವರ ಪಾಲು ದೊಡ್ಡದು. 1948ರಲ್ಲಿ ಜೋಜಿಲಾ ಕಣಿವೆ ಮಾರ್ಗ ಶತ್ರುವಿನ ಕೈಯಲ್ಲಿತ್ತು, ಲೇಹ್ ಒಂಟಿಯಾಗಿತ್ತು. ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯ ಆಗ ಅಲ್ಲಿನ ಡಿವಿಷನ್ ಕಮಾಂಡರ್. ಅವರು ಸುಮಾರು 11,500 ಅಡಿ ಎತ್ತರದ ಆ ಕಣಿವೆಗೆ ಸ್ಟುವರ್ಟ್ ಟ್ಯಾಂಕ್‌ಗಳನ್ನು ಹತ್ತಿಸಿದರು. ನವೆಂಬರ್ 1ರಂದು ಹಿಮ ಬೀಳುವಾಗ ಟ್ಯಾಂಕ್ ಬಂದದ್ದು ನೋಡಿ ಎದುರಿನವರು ಕಂಗಾಲಾದರು. ಆ ಯುದ್ಧದ ಕಾಲಕ್ಕೆ ಅವರ ಮೇಲಿನ ಕಮಾಂಡ್ ನಡೆಸುತ್ತಿದ್ದವರು ಇನ್ನೊಬ್ಬ ಕೊಡಗಿನವರು, ಕಾರ್ಯಪ್ಪ.

1962ರ ಯುದ್ಧದ ನಡುವೆಯೇ ಲೇಹ್‌ನಲ್ಲಿ 3ನೇ ಡಿವಿಷನ್ ಹುಟ್ಟಿತು. 1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತ್ ಮೂಲಕ ಸಿಯಾಚಿನ್ ನಮ್ಮ ಕೈಗೆ ಬಂತು. ಇಷ್ಟೆಲ್ಲ ಆದರೂ ಲಡಾಖ್‌ನ ಹೊಣೆ ಇದ್ದದ್ದು ಶ್ರೀನಗರದ 15ನೇ ಕೋರ್ ಮೇಲೆ.

ಸ್ವಲ್ಪ ಯೋಚಿಸಿ. ಶ್ರೀನಗರದಲ್ಲಿ ಕೂತ ಒಬ್ಬ ಕೋರ್ ಕಮಾಂಡರ್ ಕಾಶ್ಮೀರ ಕಣಿವೆಯ ಉಗ್ರರ ಹಾವಳಿ ನೋಡಬೇಕು, ಅಲ್ಲಿನ ಗಡಿ ನಿಯಂತ್ರಣ ರೇಖೆ ಕಾಯಬೇಕು, ಜೋಜಿಲಾ ಆಚೆಗಿನ ಕಾರ್ಗಿಲ್, ಸಿಯಾಚಿನ್, ಚೀನಾ ಕಡೆಯ ಗಡಿ ಎಲ್ಲವನ್ನೂ ನೋಡಬೇಕು. ಜೋಜಿಲಾ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚುತ್ತಿತ್ತು. ಒಂದೇ ಕೋರ್‌ನ ಎರಡು ಭಾಗಗಳ ನಡುವೆ ರಸ್ತೆಯೇ ಇಲ್ಲದ ಸ್ಥಿತಿ. ಕಾರ್ಗಿಲ್, ದ್ರಾಸ್, ಬಟಾಲಿಕ್ ಸೇರಿದ ಉದ್ದನೆಯ ಬೆಟ್ಟಸಾಲಿಗೆ ಇದ್ದದ್ದು ಮುಖ್ಯವಾಗಿ ಒಂದೇ ಬ್ರಿಗೇಡ್, 121ನೆಯದು. ಚಳಿಗಾಲದಲ್ಲಿ ತುಂಬಾ ಎತ್ತರದ ಕೆಲವು ಪೋಸ್ಟ್‌ಗಳನ್ನು ಖಾಲಿ ಬಿಟ್ಟು ಬರುವ ರೂಢಿಯೂ ಇತ್ತು.

1999ರಲ್ಲಿ ಪಾಕಿಸ್ತಾನಿ ಪಡೆ ಹತ್ತಿ ಕೂತದ್ದು ಇದೇ ಸಂದಿಯಲ್ಲಿ. ಕಣಿವೆಯಲ್ಲಿ ಉಗ್ರರ ವಿರುದ್ಧ ಕೆಲಸ ಮಾಡುತ್ತಿದ್ದ 8ನೇ ಮೌಂಟನ್ ಡಿವಿಷನ್ನನ್ನು ಅವಸರದಲ್ಲಿ ದ್ರಾಸ್ ಕಡೆ ತರಬೇಕಾಯಿತು. ಜೂನ್ 13ಕ್ಕೆ ತೋಲೋಲಿಂಗ್, ಜುಲೈ 4ಕ್ಕೆ ಟೈಗರ್ ಹಿಲ್, ಜುಲೈ 26ಕ್ಕೆ ಯುದ್ಧ ಮುಗಿಯಿತು. 527 ಸೈನಿಕರನ್ನು ಕಳೆದುಕೊಂಡೆವು.

ಯುದ್ಧ ಮುಗಿದು ಐದು ವಾರ ಆಗಿತ್ತಷ್ಟೆ, 1999ರ ಸೆಪ್ಟೆಂಬರ್ 1ರಂದು ಲೇಹ್‌ನಲ್ಲಿ 14ನೇ ಕೋರ್ ಶುರುವಾಯಿತು. ಮೊದಲ ಕಮಾಂಡರ್ ಲೆಫ್ಟಿನೆಂಟ್ ಜನರಲ್ ಅರ್ಜುನ್ ರೇ. ‘ಫೈರ್ ಅಂಡ್ ಫ್ಯೂರಿ’ ಅಂತ ಅದರ ಇನ್ನೊಂದು ಹೆಸರು. ದ್ರಾಸ್‌ಗೆ ಬಂದ 8ನೇ ಡಿವಿಷನ್ ಅಲ್ಲೇ ಉಳಿಯಿತು, ಲೇಹ್ ಹತ್ತಿರದ ಕಾರುವಿನ 3ನೇ ಡಿವಿಷನ್ ಚೀನಾ ಕಡೆ ಮುಖ ಮಾಡಿತು, ಸಿಯಾಚಿನ್‌ಗೆ 102ನೇ ಬ್ರಿಗೇಡ್. ಪಾಕಿಸ್ತಾನ, ಚೀನಾ ಇಬ್ಬರನ್ನೂ ಎದುರಿಗೆ ಇಟ್ಟುಕೊಂಡ ಕೋರ್ ಇದು.

ಕೋರ್ ನಡೆಯುವುದು ಬೇಸಿಗೆಯ ಲಾರಿಗಳ ಮೇಲೆ

ಡಿವಿಷನ್‌ಗಳ ಲೆಕ್ಕ ಹೇಳಿದರೆ ಅರ್ಧ ಮಾತ್ರ ಹೇಳಿದಂತೆ. ಕೋರ್ ಕಮಾಂಡರ್ ಕೈಯಲ್ಲಿ ನೇರವಾಗಿ ಇರುವ ಪಡೆಗಳೂ ಇವೆ. ದೊಡ್ಡ ತೋಪುಗಳು, ವಿಮಾನ ಹೊಡೆಯುವ ಪಡೆ, ಸೇತುವೆ ಕಟ್ಟುವ ಎಂಜಿನಿಯರುಗಳು, ಸಂಪರ್ಕ ನೋಡುವ ಸಿಗ್ನಲ್ ಪಡೆ, ಆಸ್ಪತ್ರೆ, ವರ್ಕ್‌ಶಾಪ್, ಪಡಿತರ ಮತ್ತು ಮದ್ದುಗುಂಡಿನ ಉಗ್ರಾಣ, ಹೆಲಿಕಾಪ್ಟರ್. ಯಾವ ಡಿವಿಷನ್‌ಗೆ ಯಾವಾಗ ಎಷ್ಟು ಕೊಡಬೇಕು ಅನ್ನುವುದು ಕೋರ್ ತೀರ್ಮಾನ. ಯುದ್ಧದ ನಕ್ಷೆ ನೋಡುವವರು ಒಂದು ಕೋಣೆಯಲ್ಲಿದ್ದರೆ, ಪಕ್ಕದ ಕೋಣೆಯಲ್ಲಿ ಸೀಮೆಎಣ್ಣೆ ಎಷ್ಟು ಉಳಿದಿದೆ ಅಂತ ನೋಡುವವರು ಇರುತ್ತಾರೆ. ಲಡಾಖ್‌ನಲ್ಲಿ ಎರಡನೇ ಕೋಣೆಯವರ ಕೆಲಸ ಕಿರಿದಲ್ಲ.

ಲೇಹ್‌ಗೆ ಎರಡು ಹಳೇ ರಸ್ತೆ. ಒಂದು ಶ್ರೀನಗರದಿಂದ ಜೋಜಿಲಾ ದಾಟಿ, ಇನ್ನೊಂದು ಮನಾಲಿಯಿಂದ. 2020ರ ಅಕ್ಟೋಬರ್‌ನಲ್ಲಿ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ಶುರುವಾಗಿ ರೋಹ್ತಾಂಗ್ ಕಣಿವೆ ಮಾರ್ಗದ ತೊಂದರೆ ತಪ್ಪಿತು, ಆದರೆ ಅದರ ಮುಂದೆ ಇನ್ನೂ ಎತ್ತರದ ಕಣಿವೆ ಮಾರ್ಗಗಳಿವೆ. ಹಾಗಾಗಿ ಬೇಸಿಗೆಯಲ್ಲಿ, ಅಂದರೆ ದಾರಿ ತೆರೆದಿರುವ ತಿಂಗಳುಗಳಲ್ಲಿ, ಲಾರಿಗಳ ಸಾಲು ನಿಲ್ಲುವುದೇ ಇಲ್ಲ. ಅಕ್ಕಿ, ಗೋಧಿ ಹಿಟ್ಟು, ಬೇಳೆ, ಡಬ್ಬಿಯ ಹಣ್ಣು, ಸೀಮೆಎಣ್ಣೆ, ಡೀಸೆಲ್, ಔಷಧಿ, ಮದ್ದುಗುಂಡು, ಚಳಿ ಬಟ್ಟೆ, ಟೆಂಟು. ಚಳಿಗಾಲ ಪೂರ್ತಿ ಬೇಕಾಗುವುದನ್ನು ಹಿಮ ಬೀಳುವ ಮೊದಲೇ ತುಂಬಿಡಬೇಕು. ಲೆಕ್ಕ ತಪ್ಪಿದರೆ ಜನವರಿಯಲ್ಲಿ ಸರಿಪಡಿಸಲು ಬರುವುದಿಲ್ಲ, ವಿಮಾನ ಒಂದೇ ಗತಿ.

ಇಲ್ಲಿಂದ ಮುಂದೆ ಪೋಸ್ಟ್‌ಗಳಿಗೆ ಸಾಗಿಸುವುದು ಇನ್ನೊಂದು ಕಥೆ. ಲಾರಿ ಹೋಗುವಲ್ಲಿ ಲಾರಿ, ಅದು ನಿಲ್ಲುವಲ್ಲಿ ಹೇಸರಗತ್ತೆ, ಅದೂ ನಿಂತಲ್ಲಿ ಮನುಷ್ಯರ ಬೆನ್ನು ಅಥವಾ ಚೀತಾ ಹೆಲಿಕಾಪ್ಟರ್. ಗಾಳಿ ತೆಳುವಾದಷ್ಟೂ ಹೆಲಿಕಾಪ್ಟರ್ ಹೊರುವ ಭಾರ ಕಡಿಮೆಯಾಗುತ್ತಾ ಹೋಗುತ್ತದೆ. ತೀರಾ ಎತ್ತರದ ಪೋಸ್ಟ್‌ಗೆ ಒಂದು ಸಲಕ್ಕೆ ಒಂದೆರಡು ಕ್ಯಾನ್ ಸೀಮೆಎಣ್ಣೆ ಒಯ್ದರೆ ದೊಡ್ಡದು. ಆ ಎಣ್ಣೆಯಿಂದಲೇ ಹಿಮ ಕರಗಿಸಿ ನೀರು ಮಾಡಬೇಕು, ಅಡುಗೆ ಮಾಡಬೇಕು, ಟೆಂಟ್ ಬೆಚ್ಚಗೆ ಇಡಬೇಕು.

ಮನುಷ್ಯನ ದೇಹವನ್ನೂ ಹೀಗೆಯೇ ಹಂತ ಹಂತವಾಗಿ ಏರಿಸುತ್ತಾರೆ. ಹುಬ್ಬಳ್ಳಿ ಇರುವುದು ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿ. ಲೇಹ್ 11,500 ಅಡಿ. ವಿಮಾನದಲ್ಲಿ ಇಳಿದ ಕೂಡಲೇ ಯಾರನ್ನೂ ಕೆಲಸಕ್ಕೆ ಹಚ್ಚುವುದಿಲ್ಲ. 12 ಸಾವಿರ ಅಡಿವರೆಗಿನ ಜಾಗದಲ್ಲಿ 6 ದಿನ, 15 ಸಾವಿರ ಅಡಿವರೆಗೆ 4 ದಿನ, ಅದರ ಮೇಲೆ ಮತ್ತೆ 4 ದಿನ, ಒಟ್ಟು 14 ದಿನ ದೇಹವನ್ನು ಒಗ್ಗಿಸಬೇಕು. ಮೊದಲೆರಡು ದಿನ ಸುಮ್ನೆ ವಿಶ್ರಾಂತಿ, ಆಮೇಲೆ ಸಣ್ಣ ನಡಿಗೆ, ಆಮೇಲೆ ಹೊರೆ ಹೊತ್ತು ಏರುವುದು. ಅವಸರ ಮಾಡಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಗಟ್ಟಿಮುಟ್ಟಾದ ಹುಡುಗನೂ ಒಂದು ರಾತ್ರಿಯಲ್ಲಿ ಹೋಗಿಬಿಡಬಹುದು. ಸಿಯಾಚಿನ್‌ಗೆ ಹೋಗುವವರಿಗೆ ಇದರ ಜೊತೆಗೆ ಅಲ್ಲಿನ ಬ್ಯಾಟಲ್ ಸ್ಕೂಲ್‌ನಲ್ಲಿ ಹಗ್ಗ ಕಟ್ಟಿಕೊಂಡು ನಡೆಯುವುದು, ಹಿಮದ ಬಿರುಕು ದಾಟುವುದು, ಹಿಮಕುಸಿತದಲ್ಲಿ ಸಿಕ್ಕವರನ್ನು ತೆಗೆಯುವುದು ಎಲ್ಲ ಕಲಿಸುತ್ತಾರೆ.

2016ರ ಫೆಬ್ರುವರಿಯ ಆ ದಿನಗಳು

ಫೆಬ್ರುವರಿ 3ರ ಬೆಳಗಿನ ಜಾವ ಸಿಯಾಚಿನ್‌ನ ಸೋನಂ ಪೋಸ್ಟ್ ಮೇಲೆ ಹಿಮದ ದೊಡ್ಡ ಗೋಡೆಯೇ ಕುಸಿಯಿತು. ಎತ್ತರ 19,600 ಅಡಿ. 19 ಮದ್ರಾಸ್‌ನ ಹತ್ತು ಜನ ಒಳಗಿದ್ದರು. ಅವರಲ್ಲಿ ಹನುಮಂತಪ್ಪ ಅಲ್ಲದೆ ಹಾಸನ ಮತ್ತು ಮೈಸೂರು ಜಿಲ್ಲೆಯವರೂ ಇದ್ದರು.

ಇಂಥ ಹೊತ್ತಿನಲ್ಲಿ ಒಂದು ಪಲ್ಟನ್ ಎಷ್ಟೇ ಗಟ್ಟಿ ಇದ್ದರೂ ಅದರ ಒಂದರ ಕೈಯಿಂದ ಆಗುವ ಕೆಲಸ ಅದಲ್ಲ. ಮೇಲೆ ಹೋದದ್ದು ಎತ್ತರಕ್ಕೆ ಒಗ್ಗಿದ, ತರಬೇತಿ ಪಡೆದ ರಕ್ಷಣಾ ತಂಡಗಳು. ಕಲ್ಲಿನಂತೆ ಗಟ್ಟಿಯಾದ ನೀಲಿ ಹಿಮ ಕೊರೆಯಲು ಯಂತ್ರಗಳು ಬೇಕಾದವು, ಒಳಗೆ ಏನಿದೆ ಅಂತ ಹುಡುಕಲು ರಾಡಾರ್ ಬೇಕಾಯಿತು. ಅವನ್ನು ಹೆಲಿಕಾಪ್ಟರ್‌ನಲ್ಲಿ ಹೊತ್ತು ಏರಿಸಬೇಕಿತ್ತು, ಅದೂ ಹವಾಮಾನ ಬಿಟ್ಟುಕೊಟ್ಟ ಹೊತ್ತಿನಲ್ಲಿ ಮಾತ್ರ. ಡಾಟ್ ಮತ್ತು ಮಿಶಾ ಅನ್ನುವ ಎರಡು ಸೇನಾ ನಾಯಿಗಳು ಆ ಹಿಮದ ಮೇಲೆ ಮೂಸುತ್ತಾ ಓಡಾಡಿದವು. ನಾಯಿಗಳನ್ನು ತಯಾರು ಮಾಡುವುದು ಒಂದು ಕಸುಬಿನ ಕೋರ್, ಡಾಕ್ಟರುಗಳದು ಇನ್ನೊಂದು, ಯಂತ್ರ ಕೆಟ್ಟರೆ ರಿಪೇರಿ ಮಾಡುವುದು ಮತ್ತೊಂದು. ಇವರೆಲ್ಲರನ್ನೂ ಒಂದೇ ಜಾಗಕ್ಕೆ, ಒಂದೇ ಕೆಲಸಕ್ಕೆ ಕೂಡಿಸಿದ್ದು ಲೇಹ್‌ನ 14ನೇ ಕೋರ್. ರೈಲ್ವೆಯ ಲೆಕ್ಕ ಹೇಳಿದೆನಲ್ಲ, ಅದರ ಅರ್ಥ ಇದೇ.

ಆರನೇ ದಿನ, ಫೆಬ್ರುವರಿ 8ರ ರಾತ್ರಿ, ಸುಮಾರು 25 ಅಡಿ ಹಿಮದ ಕೆಳಗೆ ಹನುಮಂತಪ್ಪ ಜೀವಂತ ಸಿಕ್ಕರು. ಮರುದಿನ ಹೆಲಿಕಾಪ್ಟರ್‌ನಲ್ಲಿ ಕೆಳಗೆ ತಂದು, ಥೋಯಿಸ್ ವಾಯುನೆಲೆಯಿಂದ ವಿಮಾನದಲ್ಲಿ ದೆಹಲಿಯ ಸೇನಾ ಆಸ್ಪತ್ರೆಗೆ ಸಾಗಿಸಿದರು. ಆ ಎರಡು ದಿನ ನಮ್ಮ ಜಿಲ್ಲೆಯಲ್ಲಿ ಗುಡಿ, ಮಸೀದಿ, ಚರ್ಚು ಅಂತ ಭೇದ ಇಲ್ಲದೆ ಪ್ರಾರ್ಥನೆ ನಡೆಯಿತು. ಫೆಬ್ರುವರಿ 11ರಂದು ಅವರು ಹೋದರು. ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಕೊನೆಯ ದರ್ಶನಕ್ಕೆ ಬಂದ ಜನರನ್ನು ನೋಡಿದವರು ಅದನ್ನು ಮರೆಯುವುದು ಸಾಧ್ಯವಿಲ್ಲ.

ಕಾಯುವ ಕೋರ್, ನುಗ್ಗುವ ಕೋರ್

ಎಲ್ಲ ಕೋರ್‌ಗಳ ಕೆಲಸ ಒಂದೇ ಅಲ್ಲ. ಜಾಸ್ತಿ ಕೋರ್‌ಗಳು ತಮ್ಮ ಪಾಲಿನ ಗಡಿ ಹಿಡಿದು ನಿಲ್ಲುತ್ತವೆ. ಲೇಹ್, ಶ್ರೀನಗರ, ನಗ್ರೋಟಾ, ಜಲಂಧರ್, ತೇಜ್‌ಪುರ ಎಲ್ಲ ಹಾಗೆಯೇ. ಇನ್ನು ಕೆಲವು ಇರುವುದೇ ಯುದ್ಧ ಬಂದರೆ ಶತ್ರುವಿನ ನೆಲಕ್ಕೆ ನುಗ್ಗಲಿಕ್ಕೆ. ಮಥುರಾದ 1ನೇ ಕೋರ್, ಅಂಬಾಲಾದ 2ನೆಯದು, ಭೋಪಾಲದ 21ನೆಯದು ಈ ಜಾತಿಯವು. ಬೆಟ್ಟದ ಯುದ್ಧಕ್ಕೆ ಅಂತಲೇ ಪಾನಾಗಢದಲ್ಲಿ 17ನೇ ಕೋರ್ ಇದೆ, ಅದಕ್ಕೆ ಸರ್ಕಾರ ಒಪ್ಪಿಗೆ ಕೊಟ್ಟದ್ದು 2013ರಲ್ಲಿ.

ನುಗ್ಗುವ ಕೋರ್‌ಗಳ ತೊಂದರೆ ಅವುಗಳ ಗಾತ್ರ. 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿ ಆದ ಮೇಲೆ ಅವು ದೇಶದ ನಡುವಿನಿಂದ ಗಡಿಗೆ ಹೋಗಿ ಸಜ್ಜಾಗಲು ಸುಮಾರು ಮೂರು ವಾರ ಹಿಡಿಯಿತು. ಅದರಿಂದ ಪಾಠ ಕಲಿತು ಈಗ ಸಣ್ಣ, ಚುರುಕು ಪಡೆಗಳ ಕಡೆ ಗಮನ ಹರಿಸಿದ್ದಾರೆ. 2025ರ ಜುಲೈ 26ರಂದು ದ್ರಾಸ್‌ನಲ್ಲಿ ಸೇನಾ ಮುಖ್ಯಸ್ಥ ಜನರಲ್ ಉಪೇಂದ್ರ ದ್ವಿವೇದಿ ಅವರು ‘ರುದ್ರ’ ಬ್ರಿಗೇಡ್‌ಗಳ ಬಗ್ಗೆ ಹೇಳಿದರು. ಕಾಲಾಳು, ಟ್ಯಾಂಕ್, ತೋಪು, ಡ್ರೋನ್ ಎಲ್ಲ ಒಂದೇ ಬ್ರಿಗೇಡ್‌ನಲ್ಲಿ. ಹಿಂದೆ ಕೋರ್ ಮಟ್ಟದಲ್ಲಿ ಸೇರುತ್ತಿದ್ದದ್ದು ಈಗ ಎರಡು ಮೆಟ್ಟಿಲು ಕೆಳಗೆ ಬರುತ್ತಿದೆ.

ಮಾತುಕತೆಗೆ ಕೋರ್ ಕಮಾಂಡರೇ ಯಾಕೆ

ಈಗ ಗಲ್ವಾನ್‌ಗೆ ಬರೋಣ. ಗಡಿಯಲ್ಲಿ ತಕರಾರು ಬಂದರೆ ಮೊದಲು ಸ್ಥಳೀಯ ಕರ್ನಲ್, ಬ್ರಿಗೇಡಿಯರ್ ಮಟ್ಟದಲ್ಲಿ ಮಾತಾಡುತ್ತಾರೆ. ಆಗದಿದ್ದರೆ ಮೇಜರ್ ಜನರಲ್. 2020ರ ಮೇನಲ್ಲಿ ಒಂದೇ ಸಲಕ್ಕೆ ಪ್ಯಾಂಗಾಂಗ್ ಸರೋವರ, ಗಲ್ವಾನ್, ಹಾಟ್ ಸ್ಪ್ರಿಂಗ್ಸ್ ಎಲ್ಲ ಕಡೆ ತಿಕ್ಕಾಟ ಇತ್ತು. ಒಂದು ಜಾಗದಲ್ಲಿ ಹಿಂದೆ ಸರಿಯುವುದಕ್ಕೂ ಇನ್ನೊಂದು ಜಾಗದಲ್ಲಿ ಸರಿಯುವುದಕ್ಕೂ ಕೊಂಡಿ ಇರುತ್ತದೆ. ಆ ಎಲ್ಲ ಜಾಗದ ಪಡೆಗಳಿಗೆ ಆದೇಶ ಕೊಡುವ ಅಧಿಕಾರ ಇದ್ದು, ನೆಲದ ಪರಿಚಯವೂ ಇರುವವರು ಲೇಹ್‌ನ ಕೋರ್ ಕಮಾಂಡರ್. ಅದಕ್ಕೇ 2020ರ ಜೂನ್ 6ರಂದು ಆಗಿನ ಕಮಾಂಡರ್ ಲೆಫ್ಟಿನೆಂಟ್ ಜನರಲ್ ಹರಿಂದರ್ ಸಿಂಗ್ ಅವರು ಚುಶೂಲ್ ಎದುರಿನ ಮೋಲ್ಡೋದಲ್ಲಿ ಚೀನಾದ ದಕ್ಷಿಣ ಶಿನ್‌ಜಿಯಾಂಗ್ ಮಿಲಿಟರಿ ಜಿಲ್ಲೆಯ ಮುಖ್ಯಸ್ಥರ ಎದುರು ಕೂತರು.

ಅದಾಗಿ ಒಂಬತ್ತನೇ ದಿನಕ್ಕೆ ಗಲ್ವಾನ್ ಘರ್ಷಣೆ ನಡೆದುಹೋಯಿತು, ಆದರೂ ಮಾತುಕತೆ ನಿಲ್ಲಲಿಲ್ಲ. 2021ರ ಫೆಬ್ರುವರಿಯಲ್ಲಿ ಪ್ಯಾಂಗಾಂಗ್ ದಡದಿಂದ ಎರಡೂ ಕಡೆಯವರು ಹಿಂದೆ ಸರಿದರು, ಆ ಆಗಸ್ಟ್‌ನಲ್ಲಿ ಗೋಗ್ರಾ, 2022ರ ಸೆಪ್ಟೆಂಬರ್‌ನಲ್ಲಿ ಹಾಟ್ ಸ್ಪ್ರಿಂಗ್ಸ್. ಉಳಿದ ದೆಪ್ಸಾಂಗ್ ಮತ್ತು ದೆಮ್‌ಚೋಕ್ ಬಗ್ಗೆ 2024ರ ಅಕ್ಟೋಬರ್‌ನಲ್ಲಿ ಒಪ್ಪಂದ ಆಯಿತು.

‘ಮಗ ಎಲ್ಲಿದ್ದಾನೆ?’

ಸೈನಿಕನಿಗೆ ಬರೆಯುವ ಕಾಗದದ ಮೇಲೆ ಊರಿನ ಹೆಸರು ಇರುವುದಿಲ್ಲ. ಸೇನಾ ಸಂಖ್ಯೆ, ರ‍್ಯಾಂಕ್, ಹೆಸರು, ಕಂಪನಿ, ಪಲ್ಟನ್, ಕೊನೆಗೆ ‘ಮಾರ್ಫತ್ 56 ಎಪಿಓ’ ಅಥವಾ ‘99 ಎಪಿಓ’. ಎಪಿಓ ಅಂದರೆ ಸೇನಾ ಅಂಚೆ ಕಚೇರಿ. 56 ಅಂದರೆ ಕಾಗದ ದೆಹಲಿಯ ಸೇನಾ ಅಂಚೆ ಕೇಂದ್ರಕ್ಕೆ ಹೋಗುತ್ತದೆ, 99 ಅಂದರೆ ಕೋಲ್ಕತ್ತಾಕ್ಕೆ. ಪಲ್ಟನ್ ಈಗ ಎಲ್ಲಿದೆ ಅಂತ ಅಲ್ಲಿನವರಿಗೆ ಗೊತ್ತು, ಅವರು ಮುಟ್ಟಿಸುತ್ತಾರೆ. ಅಂಚೆ ಕಾಗದ ನೋಡಿದ ಯಾರಿಗೂ ಪಡೆ ಎಲ್ಲಿದೆ ಅಂತ ತಿಳಿಯಬಾರದು ಅನ್ನುವುದೇ ಇದರ ಉದ್ದೇಶ. ಅದೇ ಕಾರಣಕ್ಕೆ ಮಗ ಕಳಿಸಿದ ಬರ್ಫದ ಫೋಟೋವನ್ನು ಪೋಸ್ಟಿನ ಹೆಸರು ಹಾಕಿ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಇಡಬೇಡಿ.

ಇನ್ನೊಂದು ವಿಷಯ. ಕೋರ್‌ನ ಮುಖ್ಯ ಕಚೇರಿ ಒಂದೇ ಊರಲ್ಲಿ ಇರುತ್ತದೆ, ಪಲ್ಟನ್‌ಗಳು ಎರಡು ಮೂರು ವರ್ಷಕ್ಕೊಮ್ಮೆ ಜಾಗ ಬದಲಿಸುತ್ತವೆ. ಸಿಯಾಚಿನ್‌ನಂಥ ಕಡೆ ಇನ್ನೂ ಬೇಗ. ಹನುಮಂತಪ್ಪ ಅವರು 2002ರಲ್ಲಿ ಸೇನೆ ಸೇರಿ 2003ರಿಂದ 2006ರವರೆಗೆ ಜಮ್ಮು ಭಾಗದ ಮಹೋರ್‌ನಲ್ಲಿದ್ದರು. 2008ರಿಂದ ಎರಡು ವರ್ಷ 54ನೇ ರಾಷ್ಟ್ರೀಯ ರೈಫಲ್ಸ್, ಅದೂ ಜಮ್ಮು–ಕಾಶ್ಮೀರದಲ್ಲೇ. 2010ರಿಂದ 2012ರವರೆಗೆ ಈಶಾನ್ಯದಲ್ಲಿ ಉಗ್ರರ ವಿರುದ್ಧ. 2015ರ ಆಗಸ್ಟ್‌ನಿಂದ ಸಿಯಾಚಿನ್. 13 ವರ್ಷದ ಸೇವೆಯಲ್ಲಿ 10 ವರ್ಷ ಕಠಿಣ ಜಾಗಗಳಲ್ಲೇ ಕಳೆದರು ಅಂತ ಸೇನೆಯೇ ಹೇಳಿದೆ.

ಹಾಗಾಗಿ ‘ಯಾವ ಕೋರ್’ ಅಂತ ಕೇಳಿದರೆ ಸೈನಿಕನ ಉತ್ತರ ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಿರುತ್ತದೆ. ಸೂಟಿಗೆ ಬಂದ ಹುಡುಗನಿಂದ ನಿಜವಾಗಿ ತಿಳಿಯಬೇಕಿದ್ದರೆ ‘ಯಾವ ಪಲ್ಟನ್ನಪ್ಪಾ?’ ಅಂತ ಕೇಳಿ. ಅದು ಬದಲಾಗುವುದು ಬಹಳ ಕಡಿಮೆ.